ಹರಕೆ ಇಲ್ಲದ ನಡಿಗೆ

ಬೆಂಗಳೂರಿನಿಂದ ಇಳಕಲ್‌ಗೆ ಇಷ್ಟು ವರ್ಷ ನಾನು ಹೋಗಿ ಬಂದದ್ದೆಲ್ಲ ನಿದ್ದೆಯಲ್ಲೇ. ರಾತ್ರಿ ಸ್ಲೀಪರ್ ಬಸ್ ಹತ್ತೋದು, ಪರದೆ ಎಳೆಯೋದು, ಬೆಳಿಗ್ಗೆ ಕ್ಲೀನರ್ "ಇಳಕಲ್, ಇಳಕಲ್" ಅಂತ ಕೂಗಿದಾಗ ಚಪ್ಪಲಿ ಹುಡುಕೋದು. ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ ಯಾವಾಗ ಬಂದವು, ಯಾವಾಗ ಹೋದವು ಅಂತ ಕೇಳಿದರೆ ಹೇಳೋಕೆ ಬರಲ್ಲ. ಆಫೀಸಿನಲ್ಲಿ ಯಾರಾದರೂ "ನಿಮ್ಮ ಕಡೆ ಬಾದಾಮಿ, ಐಹೊಳೆ ಇದೆಯಲ್ಲ, ಹೇಗಿದೆ?" ಅಂದರೆ ಐದನೇ ಕ್ಲಾಸಿನ ಶಾಲಾ ಪ್ರವಾಸದ ನೆನಪನ್ನೇ ಉಜ್ಜಿ ಉಜ್ಜಿ ಹೇಳುತ್ತಿದ್ದೆ. ಆ ನೆನಪಿನಲ್ಲಿ ಸ್ಪಷ್ಟವಾಗಿ ಉಳಿದದ್ದು ಮಂಗವೊಂದು ನನ್ನ ಬುತ್ತಿಗಂಟು ಕಸಿದುಕೊಂಡು ಹೋದದ್ದು ಮಾತ್ರ.

ಕಳೆದ ಡಿಸೆಂಬರ್‌ನಲ್ಲಿ ವಾರಾಂತ್ಯಕ್ಕೆ ಎರಡು ದಿನ ರಜೆ ಅಂಟಿಸಿಕೊಂಡೆ. ಈ ಸಲ ಊರಿಗೆ ಎಚ್ಚರದಲ್ಲೇ ಹೋಗಬೇಕು ಅಂತ ತೀರ್ಮಾನಿಸಿದೆ. ಸಂಜೆ ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಹುಬ್ಬಳ್ಳಿ, ಗದಗ ದಾಟಿ ಬೆಳಗಾಗುವಷ್ಟರಲ್ಲಿ ಬಾದಾಮಿ. ಅಲ್ಲಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನ ಕಾಲುದಾರಿ. ಮರುದಿನ ಪಟ್ಟದಕಲ್ಲಿನವರೆಗೆ ಬಸ್, ಪಟ್ಟದಕಲ್ಲಿನಿಂದ ಐಹೊಳೆಗೆ ನಡಿಗೆ. ಐಹೊಳೆಯಿಂದ ಅಮೀನಗಡ, ಹುನಗುಂದ, ಇಳಕಲ್: ಮತ್ತೆ ಬಸ್. ಎಲ್ಲ ಸೇರಿ ನಡಿಗೆ 20 ಕಿಲೋಮೀಟರ್ ಆಸುಪಾಸು. ಕಾರಿಲ್ಲ, ಬೈಕಿಲ್ಲ, ಜೊತೆಗೆ ಯಾರೂ ಇಲ್ಲ.

ಟ್ರೆಕ್ಕಿಂಗ್ ಗುಂಪಿನ ಜೊತೆ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೋಗಿ ನೋಡಿದ್ದೇನೆ. ಬೆಳಗಿನ ಜಾವ ಟೆಂಪೋ ಟ್ರಾವೆಲರ್‌ನಲ್ಲಿ ಅಂತ್ಯಾಕ್ಷರಿ, ಗುಡ್ಡದ ಮೇಲೆ ಪರಿಚಯ ಮಾಡಿಕೊಳ್ಳುವ ಆಟ, ಇಳಿಯುವಾಗ ಇನ್‌ಸ್ಟಾಗ್ರಾಮ್ ಐಡಿ ವಿನಿಮಯ. ತಪ್ಪೇನಿಲ್ಲ. ಆದರೆ ವಾರಕ್ಕೆ ಐದು ದಿನ ಹೆಡ್‌ಫೋನ್ ಹಾಕಿಕೊಂಡು ಮಾತಾಡೋದೇ ನನ್ನ ಕೆಲಸ. ನನಗೆ ಬೇಕಿದ್ದದ್ದು ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲದ ಎರಡು ದಿನ.

ವಿವರಣೆ ಮನೆಯಿಂದಲೇ ಶುರುವಾಯಿತು. ಫೋನಿನಲ್ಲಿ ಅವ್ವನ ಮೊದಲ ಪ್ರಶ್ನೆ, "ಯಾರ್ಯಾರು ಹೊಂಟೀರಿ?"

"ನಾ ಒಬ್ಬಾಕಿನ."

"ಒಬ್ಬಾಕಿನ ಹೋಗಿ ಏನ ಮಾಡಾಕಿ?"

"ನಡೀತೀನಿ."

"ಅದ, ನಡದು ಏನ ಮಾಡಾಕಿ ಅಂತ ಕೇಳಾಕತ್ತೀನಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಫೋನ್ ಇಸಿದುಕೊಂಡು, "ತಮ್ಮನ್ನ ಬೈಕ್ ಕೊಟ್ಟು ಬಾದಾಮಿಗೆ ಕಳಸ್ತೀನಿ, ಒಂದ ದಿನದಾಗ ಎಲ್ಲಾ ತೋರಿಸಿ ಮನಿಗೆ ಕರಕೊಂಡ ಬರ್ತಾನ" ಅಂದರು. ತಮ್ಮನಿಗೆ ಹತ್ತೊಂಬತ್ತು. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಅವನು ಹಿಂದಿನ ವರ್ಷ ಗೋಕರ್ಣಕ್ಕೆ ಒಬ್ಬನೇ ಹೋಗಿ ಬಂದಾಗ ಮನೆಯಲ್ಲಿ ಕೇಳಿದ್ದು "ಊಟಕ್ಕ ಏನ ಮಾಡಿದಿ?" ಅಂತ, ಅಷ್ಟೇ.

ನಮ್ಮ ಕಡೆಯವರಿಗೆ ನಡೆಯೋದೇನೂ ಹೊಸದಲ್ಲ. ಯುಗಾದಿಗೆ ಮುಂಚೆ ಇಳಕಲ್-ಹುನಗುಂದದ ಕಡೆ ಬಂದು ನೋಡಿ. ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಟವರ ಸಾಲು ರಸ್ತೆಯುದ್ದಕ್ಕೂ ಇರುತ್ತದೆ. ಗಂಡಸರು, ಹೆಂಗಸರು, ಹರೆಯದವರು, ಮರಗಾಲು ಕಟ್ಟಿಕೊಂಡು ನಡೆಯುವ ಕೆಲವರು. ದಾರಿಯಲ್ಲಿ ಪೆಂಡಾಲ್ ಹಾಕಿ ಮಜ್ಜಿಗೆ, ಊಟ ಕೊಡುತ್ತಾರೆ, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ನಮ್ಮವ್ವನೂ ಒಮ್ಮೆ ಓಣಿಯ ಹೆಂಗಸರ ಜೊತೆ ಹಾಗೆ ನಡೆದು ಹೋಗಿ ಬಂದವಳು. ಹತ್ತು ದಿನಕ್ಕೂ ಮಿಕ್ಕಿ ನಡೆದಿದ್ದಳು. ಬಂದಮೇಲೆ ಅಂಗಾಲಿನ ಬೊಬ್ಬೆಗಳನ್ನು ಬಂದವರಿಗೆಲ್ಲ ತೋರಿಸಿದ್ದಳು. ಆ ನಡಿಗೆಗೆ ಯಾರೂ "ಏನ ಮಾಡಾಕ?" ಅಂತ ಕೇಳಲಿಲ್ಲ. ಮಲ್ಲಯ್ಯನಿಗೆ ಹರಕೆ ಇತ್ತು, ನಡೆದಳು. ನನಗೆ ಹರಕೆ ಇಲ್ಲ, ಅದೇ ತೊಂದರೆ.

ಕೊನೆಗೆ ಅವ್ವ ಒಂದು ಷರತ್ತು ಹಾಕಿದಳು: ಎಲ್ಲಿ ಮಲಗ್ತಿ, ಯಾವ ಬಸ್ ಹತ್ತತಿ, ಎಲ್ಲಾ ಮೊದಲ ಹೇಳಬೇಕು. ಸಿಟ್ಟು ಬಂತು. ಆಮೇಲೆ ಕೂತು ಯೋಚಿಸಿದರೆ, ಒಬ್ಬರೇ ನಡೆಯಲು ಹೋಗುವವರಿಗೆ ಬೇಕಾದ ಪ್ಲಾನ್ ಎಂದರೆ ಇದೇ. ಎಲ್ಲಿ ಮಲಗುವುದು, ಯಾವ ಬಸ್ ಹತ್ತುವುದು. ಗುಡಿ, ಗುಹೆ ಎಲ್ಲ ಆಮೇಲೆ.

ಪ್ಲಾನ್ ಮಾಡುವವರು ಸಾಮಾನ್ಯವಾಗಿ ಹೋಗುವ ದಿನದಿಂದ ಶುರು ಮಾಡುತ್ತಾರೆ. ನಾನು ಹಿಂದಿನಿಂದ ಶುರು ಮಾಡಿದೆ. ಎರಡನೇ ದಿನ ಸಂಜೆ ಇಳಕಲ್ ತಲುಪಬೇಕು. ಹಾಗಿದ್ದರೆ ಅಮೀನಗಡದಲ್ಲಿ ಎಷ್ಟೊತ್ತಿಗೆ ಇರಬೇಕು? ಅಮೀನಗಡ ರಾಯಚೂರು-ಬೆಳಗಾವಿ ಹೆದ್ದಾರಿಯ ಮೇಲಿದೆ, ಅಲ್ಲಿ ಬಸ್ಸಿಗೆ ಬರ ಇಲ್ಲ. ಐಹೊಳೆಯಿಂದ ಅಮೀನಗಡ ಹತ್ತು ಕಿಲೋಮೀಟರ್ ಆಸುಪಾಸು. ಇಡೀ ಪ್ಲಾನಿನಲ್ಲಿ ಗಟ್ಟಿಯಾಗಬೇಕಿದ್ದ ಗಂಟು ಈ ಹತ್ತು ಕಿಲೋಮೀಟರ್. ಮ್ಯಾಪ್ ಆ್ಯಪ್ ಹಳ್ಳಿ ಬಸ್ಸಿನ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಅದು ತೋರಿಸಿದ್ದು ಕಾರಿನ ದಾರಿ, ಹದಿನೈದು-ಇಪ್ಪತ್ತು ನಿಮಿಷ ಅಂತ.

ಇಲ್ಲಿ ಕೆಲಸಕ್ಕೆ ಬಂದವರು ಅಪ್ಪ. ಅಪ್ಪ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ವಸೂಲಿಗೆ ಅಂತ ಇಪ್ಪತ್ತು ವರ್ಷ ಗುಳೇದಗುಡ್ಡ, ಅಮೀನಗಡ, ಕೆರೂರು, ಬಾದಾಮಿ ಎಲ್ಲ ಬಸ್ಸಿನಲ್ಲೇ ತಿರುಗಿದ್ದಾರೆ. ಮಗಳು ಒಬ್ಬಳೇ ಹೋಗೋದಕ್ಕೆ ಅವರ ಒಪ್ಪಿಗೆ ಇರಲಿಲ್ಲ. ಆದರೆ ಬಸ್ಸಿನ ವಿಷಯ ಯಾರೇ ತಪ್ಪು ಮಾತಾಡಿದರೂ ಅವರಿಗೆ ತಡೆಯೋಕಾಗಲ್ಲ. "ಐಹೊಳಿಗೆ ಸಂಜಿ ಏಳಕ್ಕ ಒಂದ ಬಸ್ ಬರತೈತಂತ, ಅದರಾಗ ಬರ್ತೀನಿ" ಅಂದೆ. ಅಪ್ಪ ನಕ್ಕರು.

"ಯವ್ವಾ, ಅದು ವಸ್ತಿ ಬಸ್ ಇರಬೇಕು. ಸಂಜೀಕ ಊರಿಗೆ ಬರತೈತಿ, ಅಲ್ಲೇ ನಿಲ್ಲತೈತಿ. ಡ್ರೈವರ್, ಕಂಡಕ್ಟರ್ ಊರಾಗ ಮಲಕೋತಾರ. ಮುಂಜಾನಿ ಎದ್ದು ಹೊಳ್ಳಿ ಹೋಗತಾರ. ನೀ ಏನ ಬಸ್ಸಿನ್ಯಾಗ ಮಲಕೋತಿಯೇನು?"

ಹಳ್ಳಿ ರೂಟುಗಳ ಗುಟ್ಟೇ ಇದು. ಬಸ್ಸು ಊರಿನವರ ದಿನಕ್ಕೆ ತಕ್ಕಂತೆ ಓಡುತ್ತದೆ, ನಮ್ಮಂಥ ಪ್ರವಾಸಿಗಳ ದಿನಕ್ಕಲ್ಲ. ನಸುಕಿಗೆ ಹೊರಡುವುದು ಪೇಟೆಗೆ, ಕೆಲಸಕ್ಕೆ ಹೋಗುವವರಿಗೆ. ಆಮೇಲಿನದು ಶಾಲೆ-ಕಾಲೇಜಿನ ಮಕ್ಕಳಿಗೆ. ಮಧ್ಯಾಹ್ನ ಒಂದು ದೊಡ್ಡ ಖಾಲಿ. ಸಂಜೆ ಮಕ್ಕಳನ್ನು, ಕೆಲಸಕ್ಕೆ ಹೋದವರನ್ನು ಊರಿಗೆ ಮುಟ್ಟಿಸುವ ಬಸ್. ಅಂದರೆ ಸಂಜೆ ಬಸ್ಸುಗಳು ಹಳ್ಳಿಯ ಕಡೆಗೆ ಬರುತ್ತವೆ, ನಮಗೋ ಹಳ್ಳಿಯಿಂದ ಹೊರಗೆ ಹೋಗಬೇಕು. ಬೋರ್ಡಿನಲ್ಲಿ ಹೆಸರು, ಸಮಯ ನೋಡಿದರೆ ಸಾಲದು. "ಇದು ಹೊಳ್ಳಿ ಬರತೈತೋ, ವಸ್ತಿನೋ?" ಅಂತ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಕೇಳಲೇಬೇಕು. ಭಾನುವಾರ, ಶಾಲೆ ರಜೆ, ದೊಡ್ಡ ಜಾತ್ರೆ ಇದ್ದರೆ ಇನ್ನೊಮ್ಮೆ ಕೇಳಬೇಕು.

ಅಪ್ಪ ತಮಗೆ ಗೊತ್ತಿದ್ದ ಅಮೀನಗಡದ ಪಾನ್ ಅಂಗಡಿಯವರಿಗೆ ಫೋನ್ ಹಚ್ಚಿ ಐಹೊಳೆ ಬಸ್ಸಿನ ಈಗಿನ ಸಮಯ ತರಿಸಿಕೊಟ್ಟರು. ನಾನು ಒಂದು ನಿಯಮ ಮಾಡಿಕೊಂಡೆ: ಕೊನೇ ಬಸ್ಸಿನ ಹಿಂದಿನ ಬಸ್ಸೇ ನನ್ನ ಕೊನೇ ಬಸ್. ಅದು ತಪ್ಪಿದರೆ ಇನ್ನೊಂದು ಇರುತ್ತದೆ. ಇದನ್ನು ಕಾಗದದಲ್ಲಿ ಬರೆದು ಫೋನ್ ಕವರಿನ ಹಿಂದೆ ಇಟ್ಟುಕೊಂಡೆ. ಗುಡ್ಡದ ಮೇಲೆ ನೆಟ್‌ವರ್ಕ್ ಹೋದರೂ ಕಾಗದ ಇರುತ್ತದಲ್ಲ.

ಉಳಿದದ್ದು ಬೇಗ ಆಯಿತು. ಬಸ್ಸಿಗೆ ದುಡ್ಡಿನ ಲೆಕ್ಕ ಹಾಕುವ ಕೆಲಸವೇ ಇರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್ ಕೊಡುತ್ತಾರೆ. (ಐಷಾರಾಮಿ ಬಸ್ಸುಗಳಿಗೆ ಇದಿಲ್ಲ. ಬಾದಾಮಿ-ಪಟ್ಟದಕಲ್ಲು ರೂಟಿನಲ್ಲಿ ಆ ಚಿಂತೆ ಬೇಡ.) ಬಾದಾಮಿಯ ಆಗಸ್ತ್ಯ ತೀರ್ಥದ ದಂಡೆಯ ಮ್ಯೂಸಿಯಂಗೆ ಶುಕ್ರವಾರ ರಜೆ, ಹಾಗಾಗಿ ಶನಿವಾರ ಬೆಳಿಗ್ಗೆ ಇಳಿಯುವಂತೆ ರೈಲಿನ ಟಿಕೆಟ್ ಮಾಡಿಸಿದೆ. ಮೈಮೇಲೆ ಹೊರಬೇಕಾದ ಬ್ಯಾಗು ನಾಲ್ಕು ಕಿಲೋ ದಾಟಬಾರದು ಅಂತ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಅದರಲ್ಲಿ ಎರಡು ಲೀಟರ್ ನೀರೇ ಎರಡು ಕಿಲೋ.

ದಾರಿಯ ಬಗ್ಗೆ ಒಂದು ಮಾತು. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅವುಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗೆರೆ ಎಳೆದು ತೋರಿಸಿರುತ್ತಾರೆ. ಹೊಲದ ತಂಟೆ ಬಂದಾಗ "ನಕಾಶೆ ಕಂಡ ದಾರಿ" ಅಂತ ವಾದ ಮಾಡುತ್ತಾರಲ್ಲ, ಅದೇ. ಇಂಗ್ಲೆಂಡಿನಲ್ಲಿ ಹೊಲಗಳ ನಡುವಿನ ಇಂಥ ಕಾಲುದಾರಿಗಳಲ್ಲಿ ಯಾರು ಬೇಕಾದರೂ ನಡೆಯುವ ಹಕ್ಕನ್ನು ಕಾನೂನೇ ಕಾಪಾಡುತ್ತದೆ, ಜನ ವಾರಾಂತ್ಯಕ್ಕೆ ಅದನ್ನೇ ಹಿಡಿದು ಊರಿಂದೂರಿಗೆ ನಡೆಯುತ್ತಾರೆ. ನಮ್ಮಲ್ಲಿ ಆ ಗೆರೆಗಳು ಜಗಳಕ್ಕಷ್ಟೇ ಹೊರಗೆ ಬರುತ್ತವೆ.

ತಕರಾರು ಆದದ್ದು ರೂಮಿನ ವಿಷಯದಲ್ಲಿ. ಬಾದಾಮಿಯ ಲಾಡ್ಜ್ ಒಂದಕ್ಕೆ ಫೋನ್ ಮಾಡಿದೆ. ಎಷ್ಟು ಜನ ಅಂದರು. ಒಬ್ಬಳೇ ಅಂದೆ. "ಸಿಂಗಲ್ ಲೇಡೀಸ್‌ಗೆ ಕೊಡೋದಿಲ್ರಿ ಮೇಡಂ." ಯಾಕೆ ಅಂದರೆ, "ಮಾಲೀಕರು ಹೇಳ್ಯಾರ." ನನ್ನ ಹತ್ತಿರ ಆಧಾರ್ ಇದೆ, ಕಂಪನಿ ಐಡಿ ಇದೆ, ಅಲ್ಲಿಂದ ಎರಡು ತಾಸಿನ ದಾರಿಯಲ್ಲಿ ನನ್ನ ಮನೆಯೇ ಇದೆ. ಯಾವುದೂ ನಡೆಯಲಿಲ್ಲ. ಇದನ್ನು ಅವ್ವನಿಗೆ ಹೇಳಲಿಲ್ಲ. ಎರಡನೇ ಕಡೆ ಕೇಳಿದಾಗ ರಿಸೆಪ್ಶನ್‌ನಲ್ಲಿದ್ದ ಹೆಣ್ಣುಮಗಳು, "ಬರ್ರಿ ಅಕ್ಕಾರ, ಬಸ್ ಸ್ಟ್ಯಾಂಡಿಂದ ಎರಡ ನಿಮಿಷ" ಅಂದಳು. ಊರಾಚೆ ತೋಟ, ಈಜುಕೊಳ ಇರುವ ಚೆಂದದ ಜಾಗಗಳೂ ಇದ್ದವು. ನಾನು ಆರಿಸಿದ್ದು ಕಿಟಕಿ ತೆಗೆದರೆ ಬಸ್ಸಿನ ಹಾರ್ನ್ ಕೇಳುವ ರೂಮು. ಒಬ್ಬರೇ ಹೋಗುವಾಗ ಹಾರ್ನ್ ಸದ್ದೂ ಒಂದು ಧೈರ್ಯ. ನೀವೂ ಮುಂಗಡವಾಗಿ ಫೋನ್ ಮಾಡಿ "ಒಬ್ಬಳೇ" ಅಂತ ಬಾಯಿಬಿಟ್ಟು ಹೇಳಿಬಿಡಿ. ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತು ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಅದು ಮೇಲು.

ಬಾದಾಮಿ ಸ್ಟೇಷನ್ ಊರಿನಿಂದ ಐದು ಕಿಲೋಮೀಟರ್ ಹೊರಗಿದೆ. ರೈಲಿನಿಂದ ಇಳಿದವರೆಲ್ಲ ಟಂಟಂ ಕಡೆ ಓಡಿದರು, ನಾನೂ ಓಡಿದೆ. ನಡೆಯಲು ಬಂದವಳು ಅಂತ ಅಲ್ಲಿಂದಲೇ ಶುರು ಮಾಡುವ ಹಟ ನನಗಿಲ್ಲ. ರೂಮಿನಲ್ಲಿ ಬ್ಯಾಗ್ ಇಟ್ಟು, ಬಸ್ ಸ್ಟ್ಯಾಂಡ್ ಎದುರು ಒಗ್ಗರಣಿ-ಮಿರ್ಚಿ ತಿಂದು, ಎಂಟಕ್ಕೆ ಹೊರಟೆ.

ಬಾದಾಮಿಯನ್ನು ನೋಡೋರು ದಕ್ಷಿಣದ ಗುಡ್ಡದ ನಾಲ್ಕು ಗುಹೆ ನೋಡಿ, ಕೆಳಗಿಳಿದು, ಕಾರು ಹತ್ತುತ್ತಾರೆ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನ ಇದೆ, ನೋಡಲೇಬೇಕಾದದ್ದೇ. ಆದರೆ ಆಗಸ್ತ್ಯ ತೀರ್ಥವನ್ನು ಸುತ್ತು ಹಾಕಿ ಆಚೆ ದಂಡೆಗೆ ಹೋದರೆ ಊರೇ ಬೇರೆ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ಆ ಸದ್ದು ಎದುರಿನ ಕೆಂಪು ಬಂಡೆಗೆ ಬಡಿದು ವಾಪಸ್ ಬರುತ್ತದೆ. ಆ ಕಡೆಯ ಬಂಡೆಯ ಮೇಲೆಯೇ ಕಪ್ಪೆ ಅರಭಟ್ಟನ ಶಾಸನ. ಕನ್ನಡದ ತ್ರಿಪದಿಯ ಬಹು ಹಳೆಯ ಮಾದರಿ ಅಂತ ಪಿಯುಸಿಯಲ್ಲಿ ಎರಡು ಅಂಕಕ್ಕೆ ಓದಿದ್ದು, ಅದಕ್ಕೊಂದು ಜಾಗ ಇದೆ ಅನ್ನೋದು ತಲೆಗೇ ಹೋಗಿರಲಿಲ್ಲ.

ಮಹಾಕೂಟಕ್ಕೆ ರಸ್ತೆಯಲ್ಲಿ ಹೋದರೆ 14 ಕಿಲೋಮೀಟರ್, ಗುಡ್ಡದ ಮೇಲಿಂದ ಸುಮಾರು ಐದು. ಅಮಾವಾಸ್ಯೆಗೆ, ಸೋಮವಾರಕ್ಕೆ ಊರಿನವರು ಈಗಲೂ ಆ ದಾರಿ ಹಿಡಿಯುತ್ತಾರೆ. ಹತ್ತಿದ ಮೇಲೆ ಬಹುಪಾಲು ಸಮತಟ್ಟು, ಹಾಸುಬಂಡೆ, ಕುರುಚಲು ಗಿಡ, ನಡುನಡುವೆ ಹಾದಿ ಮಾಯವಾಗುತ್ತದೆ. ಆಡು ಮೇಯಿಸುತ್ತಿದ್ದ ಅಜ್ಜ ಒಬ್ಬರನ್ನು ಮಹಾಕೂಟ ಎಷ್ಟು ದೂರ ಅಂತ ಕೇಳಿದೆ. "ಇಲ್ಲೇ" ಅಂದರು. ಅರ್ಧ ತಾಸು ಬಿಟ್ಟು ಸಿಕ್ಕ ಹುಡುಗನೂ "ಇಲ್ಲೇ" ಅಂದ. ನಮ್ಮ ಕಡೆ ದೂರದ ಅಳತೆ ಎರಡೇ: "ಇಲ್ಲೇ" ಮತ್ತು "ಭಾಳ ದೂರ ಐತಿ, ಬಸ್ಸಿಗೆ ಹೋಗು." ಎರಡನೆಯದು ಬರೋತನಕ ನಡೀತಾ ಇರಬೇಕು.

ಅಲ್ಲೊಂದು ಕಡೆ ಕೂತೆ. ಗಾಳಿ ಮತ್ತು ದೂರದ ಆಡಿನ ಗಂಟೆ ಬಿಟ್ಟರೆ ಏನೂ ಇಲ್ಲ. ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಯಾರಿಗೂ ಆ ಹೊತ್ತಿಗೆ ನಾನು ಬೇಕಾಗಿರಲಿಲ್ಲ. ಬೆಂಗಳೂರಿನ ರೂಮಿನಲ್ಲಿ ಭಾನುವಾರ ಒಬ್ಬಳೇ ಕೂತಾಗ ಇದೇ ಮಾತು ಹೊಟ್ಟೆಯಲ್ಲಿ ತಳಮಳ ಎಬ್ಬಿಸುತ್ತದೆ. ಬಂಡೆಯ ಮೇಲೆ ಕೂತಾಗ ಹಾಗಾಗಲಿಲ್ಲ. ಯಾಕೆ ಅಂತ ಹೇಳೋಕೆ ಬರಲ್ಲ, ನೀವೇ ಒಮ್ಮೆ ಕೂತು ನೋಡಿ.

ಇಳಿಜಾರಿನ ಕೊನೆಗೆ ಹಳೆಯ ಕಲ್ಲಿನ ಬಾಗಿಲು, ಎರಡೂ ಬದಿಗೆ ಎಲುಬುಗೂಡಿನಂಥ ಮೂರ್ತಿಗಳು. ಅದನ್ನು ದಾಟಿದರೆ ಮಹಾಕೂಟ. ಸೆಲೆಯ ನೀರಿನಿಂದ ತುಂಬಿಕೊಳ್ಳುವ ಪುಷ್ಕರಣಿ, ಅದರ ನಡುವೆ ಪುಟ್ಟ ಮಂಟಪ, ಸುತ್ತ ಚಾಲುಕ್ಯರ ಗುಡಿಗಳು, ದೊಡ್ಡ ಮರಗಳು. ಕಾಲು ನೀರಿಗೆ ಬಿಟ್ಟು ಕೂತಾಗ ಫೋನಿಗೆ ಜೀವ ಬಂತು. ಅವ್ವನ ಆರು ಮಿಸ್ಡ್ ಕಾಲ್. "ಗುಡ್ಡದ ಮ್ಯಾಲ ಫೋನ್ ಹತ್ತಂಗಿಲ್ಲ ಅಂತ ಮೊದಲ ಹೇಳಬಾರದೇನು?" ಅಂದಳು. ಹೇಳಿದ್ದೆ. ಹೇಳಿದ್ದನ್ನು ಕೇಳಿಸಿಕೊಳ್ಳುವುದಕ್ಕೂ ನಂಬುವುದಕ್ಕೂ ನಡುವೆ ಆರು ಮಿಸ್ಡ್ ಕಾಲ್ ಅಂತರ ಇರುತ್ತದೆ.

ವಾಪಸ್ ಬಾದಾಮಿಗೆ ಟಂಟಂ, ಬಸ್. ಸಂಜೆ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋದದ್ದು ದರ್ಶನಕ್ಕೆ ಎಷ್ಟೋ ರೊಟ್ಟಿಗೂ ಅಷ್ಟೇ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಸಿಗುತ್ತದೆ. ಬನದ ಹುಣ್ಣಿಮೆಯ ಜಾತ್ರೆಗೆ ಇನ್ನೂ ದಿನ ಇದ್ದವು. ಜಾತ್ರೆ ಶುರುವಾದರೆ ನಾಟಕ ಕಂಪನಿಗಳು ಬಂದು ಒಂದು ತಿಂಗಳು ಇಲ್ಲಿ ರಾತ್ರಿ ಅನ್ನೋದೇ ಇರಲ್ಲ. ಏಕಾಂತ ಹುಡುಕೋರು ಆಗ ಬರಬೇಡಿ, ನಾಟಕ ಬೇಕಿದ್ದವರು ಆಗಲೇ ಬನ್ನಿ. ರೊಟ್ಟಿ ಮಾರುವ ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರ ಪೈಕಿ?" ಅಂತ ಶುರು ಮಾಡಿ, ಅಪ್ಪನ ಅಂಗಡಿಯವರೆಗೂ ವಿಚಾರಿಸಿದರು. ಬಸ್ ಪುಕ್ಕಟೆ ಆದಮೇಲೆ ವ್ಯಾಪಾರ ಹೇಗೆ ಅಂತ ಕೇಳಿದೆ. "ಹಿಂದ ವರ್ಷಕ್ಕೊಮ್ಮೆ ಬರತಿದ್ದ ಹೆಣಮಕ್ಕಳು ಈಗ ಹುಣ್ಣಿಮಿ ಹುಣ್ಣಿಮಿಗೆ ಬರತಾರ. ನನ್ನ ರೊಟ್ಟಿ ಉಳ್ಯಾಂಗಿಲ್ಲ ನೋಡು" ಅಂದರು.

ಮರುದಿನ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಪಟ್ಟದಕಲ್ಲಿನ ಬಸ್ ಹತ್ತಿದೆ, 22 ಕಿಲೋಮೀಟರ್. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಊರಿಗೆ ನಮ್ಮ ಜೊತೆ ಬಂದದ್ದು ಹಾಲಿನ ಕ್ಯಾನು, ಎರಡು ಕೋಳಿ. ಇಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುತ್ತಾಳೆ. ಅದಕ್ಕೇ ಈ ಜಾಗ ಪವಿತ್ರ ಅಂತ ಹಿಂದಿನವರ ನಂಬಿಕೆ. ನನಗೆ ಹಿಡಿಸಿದ್ದು ಗುಡಿ ಕಟ್ಟಿಸಿದವರ ಕಥೆ. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದು ಬಂದದ್ದಕ್ಕೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಅವಳ ತಂಗಿ, ಸವತಿಯೂ ಹೌದು, ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಹೆಚ್ಚುಕಡಿಮೆ ಅಂಥದೇ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು. ಪಕ್ಕದಲ್ಲೇ! ಮಳೆಗಾಲದ ಪ್ಲಾನ್ ಮಾಡುವವರಿಗೆ ಒಂದು ಮಾತು: 2019ರ ಆಗಸ್ಟ್‌ನಲ್ಲಿ ಈ ಹೊಳೆ ಗುಡಿಗಳ ಆವರಣಕ್ಕೇ ನುಗ್ಗಿತ್ತು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಇದ್ದಾಗ ದಂಡೆಯ ನಡಿಗೆ ಬೇಡ. ಬೇಸಿಗೆಯ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಮಾರ್ಚ್ ದಾಟಿದರೆ ಈ ಕಲ್ಲುಗಳು ಹಂಚಿನಂತೆ ಕಾಯುತ್ತವೆ.

ಪಟ್ಟದಕಲ್ಲಿನಿಂದ ಐಹೊಳೆಗೆ 13 ಕಿಲೋಮೀಟರ್ ಆಸುಪಾಸು. ಸಣ್ಣ ಡಾಂಬರು ರಸ್ತೆ, ಎರಡೂ ಕಡೆ ಹೊಲ. ನಡೆಯಲು ಶುರು ಮಾಡಿ ಮುಕ್ಕಾಲು ತಾಸಾಗಿತ್ತು. ಬೈಕೊಂದು ಪಕ್ಕದಲ್ಲಿ ಬಂದು ನಿಧಾನವಾಯಿತು. ಇಬ್ಬರು. "ಎಲ್ಲಿಗ್ರಿ? ಬಿಡೋಣೇನು?" ಬೇಡ ಅಂದೆ. ಹೋದರು. ಹತ್ತು ನಿಮಿಷ ಬಿಟ್ಟು ಎದುರಿನಿಂದ ಅದೇ ಬೈಕು ವಾಪಸ್ ಬಂತು, ದಾಟಿ ಹೋಗಿ ಹಿಂದೆ ನಿಂತಿತು. ಸಹಾಯ ಮಾಡುವ ಮನಸ್ಸೇ ಇರಬಹುದು. ಆದರೆ ಆ ಹೊತ್ತಿಗೆ ಬೆನ್ನಿಗೆ ಕಣ್ಣು ಬಂದಂತಾಗುತ್ತದಲ್ಲ, ಅದನ್ನು ಹೆಣ್ಣುಮಕ್ಕಳಿಗೆ ವಿವರಿಸಬೇಕಾಗಿಲ್ಲ. ಫೋನಿನಲ್ಲಿ 112 ಒತ್ತಿ, ಕರೆ ಹಚ್ಚದೆ ಹಿಡಿದುಕೊಂಡೆ. ಮುಂದೆ ಬಲಗಡೆ ಹೊಲದಲ್ಲಿ ಐದಾರು ಹೆಂಗಸರು ತೊಗರಿ ಕೊಯ್ಯುತ್ತಿದ್ದರು. ಒಡ್ಡು ದಾಟಿ ಸೀದಾ ಅವರ ನಡುವೆ ಹೋಗಿ ನಿಂತು, "ಯಕ್ಕಾ, ನೀರು ಐತೇನು?" ಅಂದೆ. ಬ್ಯಾಗಿನಲ್ಲಿ ಒಂದೂವರೆ ಲೀಟರ್ ನೀರಿತ್ತು.

ಅವರಲ್ಲಿ ಹಿರಿಯಾಕೆ ನನ್ನನ್ನು ನೋಡಿದರು, ರಸ್ತೆಯನ್ನು ನೋಡಿದರು. ಏನೂ ಕೇಳಲಿಲ್ಲ. ಕುಡುಗೋಲು ಹಿಡಿದೇ ಒಡ್ಡಿನ ಹತ್ತಿರ ಹೋಗಿ, "ಯಾರೋ ತಮ್ಮಾ, ಏನ ಬೇಕಾಗಿತ್ತು?" ಅಂತ ಗಟ್ಟಿಯಾಗಿ ಕೂಗಿದರು. ಬೈಕು ಹೋಯಿತು.

ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ಒತ್ತಾಯ ಮಾಡಿ ಕೈಗೆ ರೊಟ್ಟಿ ಕೊಟ್ಟು, ಆಮೇಲೆ ವಿಚಾರಣೆ. ಗಾಡಿ ಯಾಕಿಲ್ಲ, ಜೊತೆಗೆ ಯಾರೂ ಯಾಕಿಲ್ಲ, ಲಗ್ನ ಆಗೈತೋ ಇಲ್ಲೋ.

"ಸಿದ್ಧನಕೊಳ್ಳಕ್ಕ ಹರಕಿ ಐತೇನು ತಂಗಿ?"

"ಹರಕಿ ಇಲ್ಲರಿ. ಸುಮ್ನ ನಡಿಯಾಕತ್ತೀನಿ."

"ಸುಮ್ನಾ?" ಎಲ್ಲರೂ ನಕ್ಕರು. ಗೇಲಿಯ ನಗುವಲ್ಲ. ಅವರಲ್ಲಿ ನನ್ನ ವಯಸ್ಸಿನವಳೊಬ್ಬಳು ನಗು ನಿಂತ ಮೇಲೆ ಹೇಳಿದಳು, "ನಾವೂ ದಿನಾ ನಡೀತೀವಿ ಅಕ್ಕ. ಸುಮ್ನ ನಡದದ್ದ ಇಲ್ಲ. ತಲಿಮ್ಯಾಲ ಏನಾರ ಹೊರಿ ಇದ್ದ ಇರತೈತಿ."

ಬಿಟ್ಟ ಬಾಯಿ ಮುಚ್ಚಿಕೊಂಡು ರೊಟ್ಟಿ ತಿಂದೆ. ಹೊರಡುವಾಗ ಅವರಲ್ಲಿ ಇಬ್ಬರು ಮುಂದಿನ ತಿರುವಿನವರೆಗೂ ಬಂದರು. ಕಳಿಸಲು ಬಂದೆವು ಅನ್ನಲಿಲ್ಲ. "ಸುಮ್ನ ಬಂದೀವಿ" ಅಂದು ಇಬ್ಬರೂ ನಕ್ಕರು.

ಈ ಬೈಕಿನ ವಿಷಯ ಬರೆಯಬೇಕೋ ಬಿಡಬೇಕೋ ಅಂತ ಯೋಚಿಸಿದೆ. ಬರೆದರೆ ಓದಿದ ಅಪ್ಪ-ಅಮ್ಮಂದಿರು "ನೋಡು, ಅದಕ್ಕ ಹೇಳಿದ್ದು" ಅನ್ನುತ್ತಾರೆ. ಬಿಟ್ಟರೆ ನಾಳೆ ಹೊರಡುವವಳಿಗೆ ನಾನು ಸುಳ್ಳು ಹೇಳಿದಂತೆ. ಹಾಗಾಗಿ ಇದನ್ನೂ ಪ್ಲಾನಿನೊಳಗೆ ಹಾಕಿಕೊಳ್ಳಿ: ಹೊಲದಲ್ಲಿ ಜನ ಇರುವ ಹೊತ್ತಿಗೆ ನಡೆಯಿರಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ಸುಗ್ಗಿಯ ದಿನಗಳಾದರೆ ಇನ್ನೂ ಒಳ್ಳೆಯದು. ಸೂರ್ಯಾಸ್ತದ ಫೋಟೊ ಊರಿನೊಳಗೆ ನಿಂತು ತೆಗೆಯಬಹುದು.

ಸಿದ್ಧನಕೊಳ್ಳ ಐಹೊಳೆಗೆ ಮುಂಚೆ ಸಿಗುತ್ತದೆ. ಬಂಡೆಗಳ ನಡುವಿನ ಕೊಳ್ಳ, ಮಳೆಗಾಲದಲ್ಲಿ ಜಲಪಾತ, ಡಿಸೆಂಬರ್‌ನಲ್ಲಿ ಬರೀ ತಂಪು. ಅಲ್ಲಿರುವ ಲಜ್ಜಾಗೌರಿಯ ಶಿಲ್ಪಕ್ಕೆ ಮಕ್ಕಳ ಫಲ ಬೇಡುವವರು ನಡೆದುಕೊಳ್ಳುತ್ತಾರೆ. ದಾಸೋಹದಲ್ಲಿ ಬಿಸಿ ಅನ್ನ-ಸಾರು ಸಿಕ್ಕಿತು. ರೊಟ್ಟಿ ತಿಂದಿದ್ದರೂ ಉಂಡೆ.

ಐಹೊಳೆಗೆ ಬಂದಾಗ ಎರಡು ಗಂಟೆ. ಕಾಗದದ ಪ್ರಕಾರ ನನ್ನ ಬಸ್ಸಿಗೆ ಎರಡು ತಾಸು ಇತ್ತು. ದುರ್ಗ ಗುಡಿ ನೋಡಿ, ಊರ ಮನೆಗಳ ಸಂದಿಯಲ್ಲಿ ಹಾದು ಮೇಗುತಿ ಗುಡ್ಡ ಹತ್ತಿದೆ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ ಅಲ್ಲಿಯ ಜೈನ ಬಸದಿಯ ಗೋಡೆಯ ಮೇಲಿದೆ. ಮೇಲಿಂದ ನೋಡಿದರೆ ಐಹೊಳೆ ಪೂರ್ತಿ ಕಾಣುತ್ತದೆ. ಒಂದು ಕಾಲಕ್ಕೆ ಈ ಊರಿನ ಹೆಸರು ಹೊತ್ತ ವ್ಯಾಪಾರಿಗಳ ಸಂಘ, ಅಯ್ಯಾವೊಳೆಯ ಐನೂರ್ವರು, ದಕ್ಷಿಣ ದೇಶವನ್ನೆಲ್ಲ ತಿರುಗುತ್ತಿತ್ತು. ಈಗ ಇಲ್ಲಿಂದ ಹೊರಗೆ ಹೋಗಲು ನಾವು ಒಂಬತ್ತು ಜನ ಒಂದು ಬೇವಿನ ಮರದ ಕೆಳಗೆ ಬಸ್ಸಿಗೆ ಕಾದೆವು. ಬಸ್ ಇಪ್ಪತ್ತು ನಿಮಿಷ ತಡ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತ, "ನಡಕೊಂತ ಬಂದಾಕಿ ನೀನ ಏನವಾ?" ಅಂದರು. ಸುದ್ದಿ ನನಗಿಂತ ಮೊದಲೇ ಬಸ್ ಹತ್ತಿತ್ತು.

ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಳ್ಳುತ್ತ ಅವ್ವನಿಗೆ ಫೋನ್ ಮಾಡಿದೆ. ಇಳಕಲ್ ಬಸ್ ಬಂದು ನಿಂತಿದೆ, ಕತ್ತಲಾಗುವುದರೊಳಗೆ ಮನೆ ಅಂದೆ. ಸರಿ ಅಂದಳು. ಆದರೆ ಫೋನ್ ಇಡಲಿಲ್ಲ.

"ಆ ಮಹಾಕೂಟದ ದಾರ್ಯಾಗ ನೆಳ್ಳ ಐತೇನು?"

"ಭಾಳ ಇಲ್ಲ. ಯಾಕ?"

"ಸುಮ್ನ ಕೇಳಿದೆ." ಸ್ವಲ್ಪ ಹೊತ್ತು ಬಿಟ್ಟು, "ಮುಂಜಾನಿ ಬಾದಾಮಿಗೆ ಎಷ್ಟಕ್ಕ ಬಸ್ ಐತಿ, ನಿಮ್ಮಪ್ಪಗ ಗೊತ್ತಿರತೈತೇನು?"

ಗೊತ್ತಿರತೈತಿ ಅಂದೆ. ವಸ್ತಿ ಬಸ್ಸಿನ ವಿಷಯ ಮನೆಗೆ ಹೋಗಿ ಹೇಳಿದರಾಯ್ತು ಅಂತ ಓಡಿ ಬಸ್ ಹತ್ತಿದೆ.